ಹೊಟ್ಟೆ ಕೊಯ್ಯದೆ ಜಠರದ ಗಡ್ಡೆ ತೆಗೆಸುವುದು: ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರಿಗೆ

ಹೌದು, ಹೊಟ್ಟೆ ಕೊಯ್ಯದೆ ಜಠರದೊಳಗಿನ ಗಡ್ಡೆ ತೆಗೆಯಬಹುದು. ಬಾಯಿಯಿಂದ ಕ್ಯಾಮೆರಾ ಪೈಪ್ ಇಳಿಸಿ, ಅದರೊಳಗಿಂದಲೇ ಸಣ್ಣ ಚಾಕು ಕಳಿಸಿ, ಗಡ್ಡೆಯನ್ನು ಒಳಗಿನಿಂದಲೇ ಸುಲಿದು ಹೊರಗೆ ತರುತ್ತಾರೆ. ಮೈ ಮೇಲೆ ಒಂದು ಹೊಲಿಗೆಯೂ ಇರುವುದಿಲ್ಲ. ಆದರೆ ಎಲ್ಲ ಗಡ್ಡೆಗೂ ಇದು ಆಗುವುದಿಲ್ಲ. ಇದು ಗೊತ್ತಿಲ್ಲದೆ ನಮ್ಮ ಕಡೆ ಜನ ಎರಡು ಥರ ಎಡವುತ್ತಾರೆ. ಆಪರೇಷನ್ ಬೇಕೇ ಬೇಕು ಅನ್ನುವಂಥ ಗಡ್ಡೆಗೆ ಕೆಲವರು "ಪೈಪಿನಾಗ ತಗೀರಿ, ಕೊಯ್ಯೋದು ಬ್ಯಾಡ" ಅಂತ ಹಟ ಹಿಡಿಯುತ್ತಾರೆ. ಪೈಪಿನಲ್ಲೇ ಹೋಗುತ್ತಿದ್ದ ಗಡ್ಡೆಗೆ ಇನ್ನು ಕೆಲವರು ಅರ್ಧ ಹೊಟ್ಟೆ ತೆಗೆಸಿಕೊಂಡು ಬರುತ್ತಾರೆ.

ನಾನು ಎಂಡೋಸ್ಕೋಪಿ ರೂಮಿನಲ್ಲಿ, ಅಂದರೆ ಈ ಕ್ಯಾಮೆರಾ ಪೈಪ್ ಹಾಕುವ ರೂಮಿನಲ್ಲಿ, ಕೆಲಸ ಮಾಡುವ ನರ್ಸ್. ಮೊದಲು ಬೆಂಗಳೂರಿನಲ್ಲಿದ್ದೆ, ಈಗ ಬಳ್ಳಾರಿಯಲ್ಲಿ. ನಿಮ್ಮ ಗಡ್ಡೆಗೆ ಏನು ಮಾಡಬೇಕು ಅಂತ ನಾನು ಹೇಳಲಾರೆ, ಅದು ನಿಮ್ಮ ಡಾಕ್ಟರ್ ಹೇಳಬೇಕಾದ ಮಾತು. ಅವರ ಮುಂದೆ ಕೂತಾಗ ಏನು ಕೇಳಬೇಕು, ಮನೆಯಿಂದ ಏನು ತಯಾರಿ ಮಾಡಿಕೊಂಡು ಹೋಗಬೇಕು, ಬಂದ ಮೇಲೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬಾರದು, ಇಷ್ಟನ್ನು ಹೇಳುತ್ತೇನೆ.

ಗಾತ್ರ ಆಮೇಲೆ ಕೇಳಿ, ಮೊದಲು ಆಳ ಕೇಳಿ

ಎಲ್ಲರೂ ಕೇಳುವುದು "ಎಷ್ಟು ದೊಡ್ಡದೈತ್ರಿ?" ಅಂತ. ಕೇಳಬೇಕಾದದ್ದು "ಎಷ್ಟು ಆಳಕ್ಕೆ ಇಳಿದಿದೆ?" ಅಂತ.

ಜಠರದ ಗೋಡೆ ಒಂದೇ ಪದರ ಅಲ್ಲ. ಒಳಗಡೆ ಮೊದಲು ಲೋಳೆಪೊರೆ, ಅದರ ಕೆಳಗೆ ಸಡಿಲವಾದ ಒಂದು ಪದರ, ಅದರಾಚೆ ಸ್ನಾಯು, ಕೊನೆಗೆ ತೆಳ್ಳನೆಯ ಹೊರಪೊರೆ. ರಕ್ತನಾಳ ಮತ್ತು ದುಗ್ಧನಾಳಗಳು (ಲಿಂಫ್ ಅನ್ನುವ ತಿಳಿ ದ್ರವ ಹರಿಯುವ ನಾಳಗಳು) ಆ ಸಡಿಲ ಪದರದಲ್ಲಿ ದಟ್ಟವಾಗಿ ಹರಡಿಕೊಂಡಿರುತ್ತವೆ. ಕ್ಯಾನ್ಸರ್ ಲೋಳೆಪೊರೆಯಲ್ಲೇ ಇದ್ದರೆ ಅದು ದುಗ್ಧ ಗಂಟುಗಳಿಗೆ (ಲಿಂಫ್ ನೋಡ್) ಹೋಗಿರುವ ಸಾಧ್ಯತೆ ತೀರಾ ಕಡಿಮೆ. ಆಗ ಆ ಪದರವನ್ನು ಸುಲಿದು ತೆಗೆದರೆ ಸಾಕು, ಜಠರ ಇದ್ದ ಹಾಗೇ ಉಳಿಯುತ್ತದೆ. ಕೆಳಗಿನ ಪದರಕ್ಕೆ ಚೆನ್ನಾಗಿ ಇಳಿದಿದ್ದರೆ ಮೇಲಿನದನ್ನು ಎಷ್ಟೇ ಚಂದ ಸುಲಿದರೂ ಪ್ರಯೋಜನ ಇಲ್ಲ. ಅಕ್ಕಪಕ್ಕದ ದುಗ್ಧ ಗಂಟುಗಳನ್ನೂ ತೆಗೆಯಬೇಕಾಗುತ್ತದೆ, ಅದು ಆಪರೇಷನ್ನಿಂದಲೇ ಆಗುವ ಕೆಲಸ.

ಡಾಕ್ಟರುಗಳು ಲೆಕ್ಕ ಹಾಕುವುದು ಸುಮಾರಾಗಿ ಹೀಗೆ. ಲೋಳೆಪೊರೆಯಲ್ಲೇ ಇರುವ, ಹುಣ್ಣಾಗದ, ಬಯಾಪ್ಸಿಯಲ್ಲಿ ಅಷ್ಟೇನೂ ಕೆಟ್ಟ ಜಾತಿಯದ್ದಲ್ಲ ಅಂತ ಬಂದಿರುವ, 2 ಸೆಂಟಿಮೀಟರ್ ಒಳಗಿನ ಕ್ಯಾನ್ಸರ್ ಆದರೆ ಯಾರೂ ತಕರಾರು ಮಾಡುವುದಿಲ್ಲ. ಹುಣ್ಣಿಲ್ಲದಿದ್ದರೆ ಅದಕ್ಕಿಂತ ದೊಡ್ಡದಕ್ಕೂ, ಹುಣ್ಣಿದ್ದರೆ 3 ಸೆಂಟಿಮೀಟರ್‌ವರೆಗೂ ಅನುಭವಸ್ಥರು ಮಾಡುತ್ತಾರೆ. ಅಂದರೆ 4 ಸೆಂಟಿಮೀಟರಿನ ಚಪ್ಪಟೆ ಗಡ್ಡೆ ಪೈಪಿನಲ್ಲಿ ಹೋಗಬಹುದು, ಒಂದೂವರೆ ಸೆಂಟಿಮೀಟರಿನ ಆಳದ ಗಡ್ಡೆ ಹೋಗದೇ ಇರಬಹುದು. ಅದಕ್ಕೇ ಪಕ್ಕದ ಮನೆಯವರ ಗಡ್ಡೆ ಜೊತೆ ನಿಮ್ಮದನ್ನು ಹೋಲಿಸಬೇಡಿ.

ಎಲ್ಲ ಗಡ್ಡೆಯೂ ಕ್ಯಾನ್ಸರ್ ಅಲ್ಲ ಅನ್ನೋದನ್ನೂ ಹೇಳಬೇಕು. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದವರಲ್ಲಿ ಸಣ್ಣ ಸಣ್ಣ ಪಾಲಿಪ್‌ಗಳು ಏಳುತ್ತವೆ, ಅವು ಬಹುಪಾಲು ನಿರುಪದ್ರವಿ. ಅಡಿನೋಮಾ ಅಂತ ಬರೆದಿದ್ದರೆ ಅದು ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಆಗಬಹುದು, ತೆಗೆಸಿಬಿಡುವುದು ಒಳ್ಳೆಯದು. ಇನ್ನೊಂದು ಜಾತಿ ಇದೆ, ಲೋಳೆಪೊರೆಯ ಕೆಳಗೆ ಹುಟ್ಟಿ ಮೇಲೆ ಉಬ್ಬುವುದು. ಜಿಸ್ಟ್ ಅನ್ನುವುದು ಇದರಲ್ಲಿ ಹೆಸರುವಾಸಿ. ಇದರಲ್ಲಿ ಬಯಾಪ್ಸಿ ತೆಗೆದರೆ ಮೇಲಿನ ಪೊರೆ ಮಾತ್ರ ಬರುತ್ತದೆ, ರಿಪೋರ್ಟು ನಾರ್ಮಲ್ ಅಂತ ಬರುತ್ತದೆ, ಜನ ಖುಷಿಯಾಗಿ ಮನೆಗೆ ಹೋಗುತ್ತಾರೆ. ಉಬ್ಬು ಕಂಡು ಬಯಾಪ್ಸಿ ನಾರ್ಮಲ್ ಬಂದರೆ ಕೇಳಿ: "ಇಯುಎಸ್ ಮಾಡಿಸಬೇಕಾ ಸರ್?" ಅದು ಪೈಪಿನ ತುದಿಯಲ್ಲೇ ಸ್ಕ್ಯಾನಿಂಗ್ ಇರುವ ಎಂಡೋಸ್ಕೋಪಿ. ಗಡ್ಡೆ ಯಾವ ಪದರದಿಂದ ಎದ್ದಿದೆ ಅಂತ ತೋರಿಸುತ್ತದೆ. 2 ಸೆಂಟಿಮೀಟರಿಗಿಂತ ಸಣ್ಣ, ಲಕ್ಷಣ ಕೆಟ್ಟದಾಗಿರದ ಜಿಸ್ಟ್ ಆದರೆ ಎಷ್ಟೋ ಸಲ ತೆಗೆಯದೆ ನೋಡುತ್ತಾ ಇರುತ್ತಾರೆ. ಅದಕ್ಕಿಂತ ದೊಡ್ಡದಕ್ಕೆ ಸಾಮಾನ್ಯವಾಗಿ ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಮಾಡುವ ಆಪರೇಷನ್.

ಒಂದು ಎಚ್ಚರಿಕೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. "ಇಲ್ಲೇ ಸ್ವಲ್ಪ ಕತ್ತರಿಸಿ ನೋಡೋಣ" ಅಂತ ಅರ್ಧಂಬರ್ಧ ತೆಗೆಸಬೇಡಿ. ಅರ್ಧ ತೆಗೆದ ಜಾಗ ಗಾಯವಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಪೂರ್ತಿ ಸುಲಿಯುವವರಿಗೆ ಪದರ ಬಿಡಿಸಲು ಬಹಳ ಕಷ್ಟ. ಮೊದಲ ಕೈಯಲ್ಲೇ ಒಂದೇ ತುಂಡಾಗಿ ಹೋಗಬೇಕು. ಬಯಾಪ್ಸಿಗೆ ಚಿಟಿಕೆ ತೆಗೆಯುವುದು ಬೇರೆ, ಅದು ಬೇಕೇ ಬೇಕು.

ಯಾರು ಕ್ಯಾಮೆರಾ ಹಾಕಿಸಬೇಕು

ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಯಾವ ತೊಂದರೆ ಇಲ್ಲದವರಿಗೂ ವಯಸ್ಸಾದ ಮೇಲೆ ಸರ್ಕಾರವೇ ಕರೆದು ಹೊಟ್ಟೆ ಪರೀಕ್ಷೆ ಮಾಡುತ್ತದೆ, ಹಾಗಾಗಿ ಅಲ್ಲಿ ಗಡ್ಡೆ ಮೇಲಿನ ಪದರದಲ್ಲಿ ಇರುವಾಗಲೇ ಸಿಗುತ್ತದೆ. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ನಮ್ಮವರು ಮೆಡಿಕಲ್ ಶಾಪಿನಲ್ಲಿ ಪ್ಯಾಂಟೊಪ್ರಜೋಲ್ ತಗೊಂಡು, ಸಂಜೆ ಮಿರ್ಚಿ ಮಂಡಕ್ಕಿ ತಿಂದು, ಉರಿ ಬಂದರೆ ಇನ್ನೊಂದು ಮಾತ್ರೆ ನುಂಗಿ ವರ್ಷ ಕಳೆಯುತ್ತಾರೆ. ಕ್ಯಾನ್ಸರ್ ಹುಣ್ಣಿನ ನೋವನ್ನೂ ಆ ಮಾತ್ರೆ ಕೆಲವು ದಿನ ಮುಚ್ಚಿಡಬಲ್ಲದು, ನೆನಪಿರಲಿ.

ತೂಕ ತಾನಾಗೇ ಇಳಿಯುತ್ತಿದೆ, ರಕ್ತ ಕಡಿಮೆ ಅಂತ ಪದೇ ಪದೇ ಬರುತ್ತಿದೆ, ಮಲ ಕಪ್ಪಗೆ ಅಂಟಂಟಾಗಿ ಹೋಗುತ್ತಿದೆ, ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿದೆ, ನುಂಗಲು ಕಷ್ಟ, ವಾಂತಿ ನಿಲ್ಲುತ್ತಿಲ್ಲ, ಅಥವಾ 50 ದಾಟಿದ ಮೇಲೆ ಹೊಸದಾಗಿ ಗ್ಯಾಸ್ಟ್ರಿಕ್ ಶುರುವಾಗಿದೆ. ಇದರಲ್ಲಿ ಒಂದಿದ್ದರೂ ಕ್ಯಾಮೆರಾ ಹಾಕಿಸಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದರೆ ಇಷ್ಟೂ ಕಾಯಬೇಡಿ.

ಎಲ್ಲಿ, ದುಡ್ಡು ಹೇಗೆ

ಸಾದಾ ಎಂಡೋಸ್ಕೋಪಿ, ಬಯಾಪ್ಸಿಗೆ ದೂರ ಹೋಗಬೇಕಿಲ್ಲ, ನಮ್ಮ ಜಿಲ್ಲಾ ಕೇಂದ್ರಗಳಲ್ಲೇ ಆಗುತ್ತದೆ. ಸುಲಿದು ತೆಗೆಯುವ ಕೆಲಸಕ್ಕೆ ಇಎಸ್‌ಡಿ ಅಂತ ಹೆಸರು. ಇದಕ್ಕೆ ಕೈ ಪಳಗಿದ ಡಾಕ್ಟರ್, ಅರಿವಳಿಕೆಯವರು, ತೂತು ಬಿದ್ದರೆ ತಕ್ಷಣ ನೋಡಲು ಸರ್ಜನ್, ಚೂರನ್ನು ಸರಿಯಾಗಿ ಓದುವ ಪ್ಯಾಥಾಲಜಿಯವರು, ಇಷ್ಟೂ ಜನ ಒಂದೇ ಕಡೆ ಬೇಕು. ಹಾಗಾಗಿ ಕೊಪ್ಪಳದವರು ಹುಬ್ಬಳ್ಳಿ ಅಥವಾ ಬೆಂಗಳೂರು, ರಾಯಚೂರಿನವರು ಹೈದರಾಬಾದ್, ಬಳ್ಳಾರಿಯವರು ಬೆಂಗಳೂರು ಅಂತ ಹೊರಡುವುದು ರೂಢಿ. ಹೊರಡುವ ಮೊದಲು ಫೋನ್ ಮಾಡಿ ನೇರವಾಗಿ ಕೇಳಿ: ಜಠರದ ಇಎಸ್‌ಡಿ ನಿಮ್ಮಲ್ಲಿ ವಾಡಿಕೆಯಾಗಿ ಮಾಡುತ್ತೀರಾ, ಅಪರೂಪಕ್ಕಾ? ಈ ಪ್ರಶ್ನೆಗೆ ಯಾರೂ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ಬರೆಸಿಕೊಳ್ಳಬೇಕು: ನಮ್ಮವರು ಇವತ್ತಿಗೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಯಾವುದು ಹತ್ತಿರವೋ ಅದು. ಹೋಗಬೇಕೆಂದಿರುವ ಆಸ್ಪತ್ರೆ ಯೋಜನೆಯಲ್ಲಿ ಇದೆಯಾ, ನಿಮಗೆ ಮಾಡುವ ಈ ಚಿಕಿತ್ಸೆಯೇ ಅದರಲ್ಲಿ ಬರುತ್ತದಾ, ಎರಡನ್ನೂ ಅಲ್ಲಿನ ಆರೋಗ್ಯಮಿತ್ರರ (ಈ ಯೋಜನೆಗೆಂದೇ ಇರುವ ಸಹಾಯಕರು) ಹತ್ತಿರ ಕೇಳಿ. ಒಂದನ್ನೇ ಕೇಳಿ ಹೋಗಿ ಕೌಂಟರ್ ಮುಂದೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ರಾಜ್ಯದ ಗಡಿ ದಾಟುವವರಂತೂ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ಹೊರಡುವ ಮೊದಲೇ ಖಾತ್ರಿ ಮಾಡಿಕೊಳ್ಳಿ.

ಜೊತೆಗೆ ಒಯ್ಯಬೇಕಾದ್ದು: ಎಂಡೋಸ್ಕೋಪಿಯ ಬಣ್ಣದ ಫೋಟೋಗಳು (ಜೆರಾಕ್ಸ್ ಕಾಪಿಯಲ್ಲಿ ಏನೂ ಕಾಣುವುದಿಲ್ಲ), ಸಿಟಿ ಸ್ಕ್ಯಾನ್ ಸಿಡಿ, ಬಯಾಪ್ಸಿ ರಿಪೋರ್ಟು, ಮತ್ತೆ ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ (ತೆಗೆದ ಚೂರನ್ನು ಹುದುಗಿಸಿಟ್ಟ ಮೇಣದ ತುಂಡು). ಬ್ಲಾಕ್ ಕೇಳಿದರೆ ಲ್ಯಾಬಿನವರು ಕೊಡುತ್ತಾರೆ. ಹೊಸ ಆಸ್ಪತ್ರೆಯವರು ಅದನ್ನೇ ಮತ್ತೊಮ್ಮೆ ಓದಿದರೆ ಇನ್ನೊಂದು ಸಲ ಪೈಪ್ ನುಂಗುವುದು ತಪ್ಪಬಹುದು.

ಹೋಗುವ ಮೊದಲು ಮನೆಯಲ್ಲಿ

ಮೊದಲು ಮಾತ್ರೆಗಳ ವಿಷಯ. ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿರುತ್ತಾರೆ: ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಹೀಗೆ. ಇವನ್ನು ಮುಚ್ಚಿಡಬೇಡಿ, ನೀವೇ ನಿಲ್ಲಿಸಲೂ ಬೇಡಿ. ಮುಂದುವರಿಸಿದರೆ ಸುಲಿದ ಜಾಗದಲ್ಲಿ ರಕ್ತ ಬರಬಹುದು, ಸುಮ್ನೆ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಅಂತ ಹಾರ್ಟ್ ಡಾಕ್ಟರೂ ಹೊಟ್ಟೆ ಡಾಕ್ಟರೂ ಮಾತಾಡಿಕೊಂಡು ಬರೆದುಕೊಡಬೇಕು. ಶುಗರ್ ಮಾತ್ರೆ, ಇನ್ಸುಲಿನ್ ಕೂಡ ಹಾಗೆ. ಉಪವಾಸದ ದಿನ ಎಂದಿನಂತೆ ತಗೊಂಡರೆ ಶುಗರ್ ಇಳಿದು ತಲೆ ತಿರುಗುತ್ತದೆ, ಕೆಲವು ಹೊಸ ಮಾತ್ರೆಗಳನ್ನು ಮೂರ್ನಾಲ್ಕು ದಿನ ಮುಂಚೆಯೇ ನಿಲ್ಲಿಸಿ ಅನ್ನುತ್ತಾರೆ. ಹೆಸರು ಹೇಳಲು ಬರದಿದ್ದರೆ ಖಾಲಿ ಪಟ್ಟಿಗಳನ್ನೇ ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ.

ಇನ್ನು ಉಪವಾಸ. ಗಟ್ಟಿ ಊಟ 6ರಿಂದ 8 ಗಂಟೆ ಮುಂಚೆ ನಿಲ್ಲಬೇಕು. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೂ ಕುಡಿಯಬಹುದು, ಆದರೆ ನಿಮ್ಮ ಆಸ್ಪತ್ರೆ ಹೇಳಿದ ಟೈಮೇ ಕೊನೆ ಮಾತು. ನಮ್ಮೂರ ಬೇಸಿಗೆಯಲ್ಲಿ ಹಿಂದಿನ ದಿನವೆಲ್ಲ ಚೆನ್ನಾಗಿ ನೀರು ಕುಡಿದಿರಿ, ಇಲ್ಲದಿದ್ದರೆ ಬೆಳಿಗ್ಗೆ ಸೂಜಿ ಹಾಕಲು ನರವೇ ಸಿಗುವುದಿಲ್ಲ. ಗುಟ್ಕಾ, ಎಲೆ ಅಡಿಕೆಯೂ ಉಪವಾಸದೊಳಗೇ ಬರುತ್ತದೆ! "ಊಟ ಮಾಡಿಲ್ರೀ" ಅಂದವರ ಗಲ್ಲದಲ್ಲಿ ಗುಟ್ಕಾ ಇರುತ್ತದೆ.

ಕರೆಂಟಿನಿಂದ ಕತ್ತರಿಸುವ ಕೆಲಸವಾದ್ದರಿಂದ ತೊಡೆಗೆ ಒಂದು ಪ್ಲೇಟ್ ಅಂಟಿಸುತ್ತೇವೆ, ಮೈ ಮೇಲೆ ಲೋಹ ಇರಬಾರದು. ಬಳೆ, ಮೂಗುತಿ ಬಿಚ್ಚಲು ಯಾರೂ ತಕರಾರು ಮಾಡುವುದಿಲ್ಲ. ತಾಳಿ, ಕಾಲುಂಗುರದ ಹತ್ತಿರ ಬಂದಾಗ ಕೈ ನಿಲ್ಲುತ್ತದೆ. ಅರಿಶಿನ ದಾರಕ್ಕೆ ಅರಿಶಿನ ಕೊಂಬು ಕಟ್ಟಿಕೊಂಡು ಬನ್ನಿ, ಅದನ್ನು ತೆಗಿ ಅಂತ ನಾವು ಹೇಳುವುದಿಲ್ಲ. ಕಾಲುಂಗುರ ಬಿಗಿಯಾಗಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಹಚ್ಚಿ ತೆಗೆದಿಡಿ. ಪೇಸ್‌ಮೇಕರ್ ಇದ್ದರೆ ಮೊದಲ ದಿನವೇ ಹೇಳಿ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ತೆಗೆದು ಮನೆಯವರ ಕೈಗೆ ಕೊಡಿ.

ರೂಮಿನೊಳಗೆ ಏನು ನಡೆಯುತ್ತದೆ

ಎಡ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಪ್ಲಾಸ್ಟಿಕ್ ಬಳೆ ಇಟ್ಟು, ಅರಿವಳಿಕೆ ಕೊಡುತ್ತಾರೆ. ಆಮೇಲೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಗಡ್ಡೆ ಎಲ್ಲಿದೆ, ಎಷ್ಟಿದೆ ಅನ್ನುವುದರ ಮೇಲೆ ಒಂದು ಗಂಟೆಯಿಂದ ಮೂರು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಹೊರಗೆ ಕೂತವರು ತಡವಾಯಿತೆಂದು ಗಾಬರಿಯಾಗಬೇಡಿ, ಇದು ಅವಸರದ ಕೆಲಸವೇ ಅಲ್ಲ.

ಮೊದಲು ಲೋಳೆ, ನೊರೆ ತೊಳೆದು, ನೀಲಿ ಬಣ್ಣ ಚಿಮುಕಿಸಿ ಗಡ್ಡೆಯ ಅಂಚು ನೋಡುತ್ತಾರೆ. ಅಂಚಿನಿಂದ ಸುಮಾರು ಅರ್ಧ ಸೆಂಟಿಮೀಟರ್ ಆಚೆ ಸುತ್ತಲೂ ಚುಕ್ಕಿ ಸುಟ್ಟು ಗುರುತು ಮಾಡುತ್ತಾರೆ. ನಂತರ ಸೂಜಿಯಿಂದ ಗಡ್ಡೆಯ ಕೆಳಗೆ ಬಣ್ಣ ಬೆರೆಸಿದ ದ್ರವ ತುಂಬುತ್ತಾರೆ. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಿ ಮೇಲಿನ ಪದರ ಎದ್ದು ನಿಲ್ಲುತ್ತದಲ್ಲ, ಹಾಗೆ ಗಡ್ಡೆಯಿರುವ ಪೊರೆ ಸ್ನಾಯುವಿನಿಂದ ಮೇಲೇಳುತ್ತದೆ. ಎಲ್ಲ ಕಡೆ ಎದ್ದು ಒಂದು ಕಡೆ ಮಾತ್ರ ಏಳದೆ ಅಂಟಿಕೊಂಡರೆ ರೂಮಿನಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಾರೆ, ಗಾಯದ ಕಲೆ ಇರಬಹುದು ಅಥವಾ ಗಡ್ಡೆ ಆಳಕ್ಕೆ ಇಳಿದಿರಬಹುದು.

ಚೆನ್ನಾಗಿ ಎದ್ದರೆ ಚುಕ್ಕಿಗಳ ಹೊರಗೆ ಸುತ್ತಲೂ ಕೊಯ್ದು, ಕೆಳಗಿನ ನೀಲಿ ಪದರವನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಹೋಗುತ್ತಾರೆ. ರಕ್ತನಾಳ ಕಂಡರೆ ಕತ್ತರಿಸುವ ಮೊದಲೇ ಹಿಡಿದು ಸುಡುತ್ತಾರೆ. ಈ ಕೆಲಸಕ್ಕೆಂದೇ 1990ರ ದಶಕದಲ್ಲಿ ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ಒಂದು ಚಾಕು ಮಾಡಿದರು. ಅದರ ತುದಿಗೆ ಸಣ್ಣ ಪಿಂಗಾಣಿ ಗುಂಡು ಇರುತ್ತದೆ. ತುದಿಯಲ್ಲಿ ಕರೆಂಟ್ ಹರಿಯದ ಕಾರಣ ಅದು ಸ್ನಾಯುವನ್ನು ಚುಚ್ಚಿ ತೂತು ಮಾಡುವ ಭಯ ಕಡಿಮೆ. ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ತುಂಬುವ ಕಡೆಗಳಲ್ಲಿ ಎದ್ದ ಮೇಲೆ ಹೊಟ್ಟೆ ಉಬ್ಬರವೂ ಕಡಿಮೆ ಇರುತ್ತದೆ.

ಸಣ್ಣ ಗಡ್ಡೆಗೆ ಇಷ್ಟೆಲ್ಲ ಬೇಕಿಲ್ಲ. ಕೆಳಗೆ ದ್ರವ ತುಂಬಿ, ತಂತಿಯ ಕುಣಿಕೆ ಹಾಕಿ ಎಳೆದು ಕತ್ತರಿಸುತ್ತಾರೆ. ಇದು ಇಎಮ್‌ಆರ್, ಬೇಗ ಮುಗಿಯುತ್ತದೆ, ಸುಲಭ. ಆದರೆ ದೊಡ್ಡ ಗಡ್ಡೆಗೆ ಕುಣಿಕೆ ಹಾಕಿದರೆ ಚೂರು ಚೂರಾಗಿ ಬರುತ್ತದೆ, ಚೂರಿನಲ್ಲಿ ಅಂಚು ಯಾವುದು ಅಂತ ಓದಲಾಗುವುದಿಲ್ಲ, ಮತ್ತೆ ಬರುವ ಸಾಧ್ಯತೆಯೂ ಜಾಸ್ತಿ.

ಗಡ್ಡೆ ಹೊರಗೆ ಬಂದ ಮೇಲಿನ ಕೆಲಸ ನನ್ನದು, ಅದನ್ನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಎಲ್ಲ ನಿಂತಿರುವುದು ಇದರ ಮೇಲೆ. ಒದ್ದೆ ಪೊರೆ ಬಂದ ತಕ್ಷಣ ಸುರುಳಿ ಸುತ್ತಿಕೊಳ್ಳಲು ನೋಡುತ್ತದೆ. ಅದನ್ನು ಥರ್ಮಾಕೋಲ್ ತುಂಡಿನ ಮೇಲೆ ಹರಡಿ, ಎಳೆಯದೆ, ಸಡಿಲವೂ ಬಿಡದೆ, ಸುತ್ತಲೂ ಸಣ್ಣ ಪಿನ್ ಚುಚ್ಚುತ್ತಾ ಬರಬೇಕು. ಅನ್ನನಾಳದ ಕಡೆ ಯಾವುದು, ಕರುಳಿನ ಕಡೆ ಯಾವುದು ಅಂತ ಪಕ್ಕದಲ್ಲಿ ಬರೆಯಬೇಕು. ಅಳತೆ ಪಟ್ಟಿ ಇಟ್ಟು ಫೋಟೋ ತೆಗೆದು, ಆಮೇಲೆ ಚೂರು ಕೆಡದಂತೆ ಇಡುವ ಫಾರ್ಮಾಲಿನ್ ದ್ರವಕ್ಕೆ. ಹಾಗೇ ಡಬ್ಬಿಗೆ ಎಸೆದರೆ ಮುದುಡಿ ಹೋಗುತ್ತದೆ, ಆಳ ಎಷ್ಟು ಅಂತ ಯಾರೂ ಸರಿಯಾಗಿ ಅಳೆಯಲಾರರು.

ತೆಗೆದ ಮೇಲೆ

ಒಳಗೆ ಸುಲಿದ ಜಾಗ ದೊಡ್ಡ ಹುಣ್ಣಿನಂತೆ ಇರುತ್ತದೆ, ಮಾಯಲು ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಆಸಿಡ್ ಕಡಿಮೆ ಮಾಡುವ ಮಾತ್ರೆ ತಪ್ಪಿಸಬಾರದು. ನೋವಿಲ್ಲ ಅಂತ ಬಿಡುವವರೇ ಜಾಸ್ತಿ.

ಎರಡು ಅಪಾಯ ಗೊತ್ತಿರಲಿ. ತೂತು ಬೀಳುವುದು ನೂರರಲ್ಲಿ ಕೆಲವರಿಗೆ ಆಗುತ್ತದೆ, ಬಹುತೇಕ ಆಗಲೇ ಕಂಡು ಒಳಗಿಂದಲೇ ಕ್ಲಿಪ್ ಹಾಕಿ ಮುಚ್ಚುತ್ತಾರೆ, ಆಪರೇಷನ್ ಬೇಕಾಗುವುದು ಕಡಿಮೆ. ಇನ್ನೊಂದು ತಡವಾಗಿ ರಕ್ತ ಬರುವುದು, ಸುಮಾರು ನೂರಕ್ಕೆ ಐದು ಜನರಿಗೆ. ಜಾಸ್ತಿ ಮೊದಲ ಎರಡು ದಿನದಲ್ಲೇ, ಆದರೆ ಎರಡು ವಾರದ ತನಕವೂ ಆಗಬಹುದು. ನಮ್ಮ ಕಡೆಯವರಿಗೆ ತೊಂದರೆ ಇಲ್ಲೇ ಇದೆ. ಡಿಸ್ಚಾರ್ಜ್ ಆದ ಸಂಜೆಯೇ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಊರಿಗೆ ಬಂದು ಬಿಡುತ್ತಾರೆ. ಆಮೇಲೆ ಕುಷ್ಟಗಿ ಹತ್ತಿರದ ಹಳ್ಳಿಯಲ್ಲಿ ರಾತ್ರಿ ರಕ್ತ ವಾಂತಿಯಾದರೆ? ಸಾಧ್ಯವಾದರೆ ಡಾಕ್ಟರ್ ಹೇಳಿದಷ್ಟು ದಿನ ಆಸ್ಪತ್ರೆ ಹತ್ತಿರವೇ ಯಾರಾದರೂ ನೆಂಟರ ಮನೆಯಲ್ಲಿರಿ. ಊರಿಗೆ ಬಂದ ಮೇಲೆ ರಾತ್ರಿ ಎಂಡೋಸ್ಕೋಪಿ, ರಕ್ತ ಎರಡೂ ಸಿಗುವ ಆಸ್ಪತ್ರೆ ಯಾವುದು ಅಂತ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ರಕ್ತ ವಾಂತಿ, ಕಪ್ಪು ಅಂಟು ಮಲ, ತಲೆ ಸುತ್ತಿ ಬೆವರುವುದು, ಹೊಟ್ಟೆ ಕಲ್ಲಾಗಿ ನೋವು ಏರುತ್ತಾ ಹೋಗುವುದು, ಜ್ವರ. ಇವು ಬಂದರೆ ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ, ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಮಲ ಹೇಗೂ ಕಪ್ಪಾಗುತ್ತದೆ, ಹಾಗಾಗಿ ಆ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ ಹೇಳಿ. ಮೇಲ್ಹೊಟ್ಟೆಯಲ್ಲಿ ಸ್ವಲ್ಪ ನೋವು, ಗಂಟಲು ಕೆರೆತ ಎರಡು ದಿನ ಇದ್ದರೆ ಅದಕ್ಕೆ ಹೆದರಬೇಕಿಲ್ಲ.

ಊಟ: ಮೊದಲು ನೀರು, ಗಂಜಿ, ಆಮೇಲೆ ಮೆತ್ತಗೆ ಬೇಯಿಸಿದ ಸೋನಾ ಮಸೂರಿ ಅನ್ನಕ್ಕೆ ಮೊಸರು, ಜೋಳದ ನುಚ್ಚು. ಕಟಕ್ ರೊಟ್ಟಿ, ಕೆಂಪು ಚಟ್ನಿ, ಮಿರ್ಚಿ ಕೆಲವು ವಾರ ಬೇಡ. ಬೀಡಿ, ಗುಟ್ಕಾ, ಕುಡಿತ ಪೂರ್ತಿ ಬೇಡ. ಗಂಗಾವತಿ, ಸಿಂಧನೂರು ಮಿಲ್‌ಗಳಲ್ಲಿ ಹಮಾಲಿ ಮಾಡುವವರು ಅಕ್ಕಿ ಚೀಲ ಎತ್ತುವುದು ಯಾವಾಗ ಅಂತ ಡಾಕ್ಟರನ್ನೇ ಕೇಳಿ, ನಿಮ್ಮ ಕೆಲಸ ಏನು ಅಂತ ಬಿಡಿಸಿ ಹೇಳಿ. "ಕೆಲಸಕ್ಕೆ ಹೋಗಬಹುದು" ಅಂದವರ ಮನಸ್ಸಿನಲ್ಲಿ ಕುರ್ಚಿ ಕೆಲಸ ಇರಬಹುದು. ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮಾತ್ರೆ ಮುಟ್ಟಲೇಬೇಡಿ, ಹಸಿ ಹುಣ್ಣಿನಿಂದ ರಕ್ತ ಬರಿಸುವುದಕ್ಕೆ ಅದೇ ಸಾಕು.

ರಿಪೋರ್ಟು ಬರುವ ತನಕ ಮುಗಿದಿಲ್ಲ

"ತಗದಾರಲ್ಲ, ಮುಗೀತು" ಅಂತ ರಿಪೋರ್ಟು ತರಲು ಹೋಗದವರಿದ್ದಾರೆ. ಪೈಪಿನಲ್ಲಿ ತೆಗೆಯುವ ಮೊದಲು ಹೇಳಿದ ಆಳ ಬರೀ ಅಂದಾಜು. ನಿಜವಾದ ಆಳ ಗೊತ್ತಾಗುವುದು ಆ ತುಂಡನ್ನು ಸುಮಾರು 2 ಮಿಲಿಮೀಟರ್ ದಪ್ಪದ ಪಟ್ಟಿಗಳಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ.

ರಿಪೋರ್ಟು ಹಿಡಿದು ಡಾಕ್ಟರ್ ಹತ್ತಿರ ನಾಲ್ಕು ಮಾತು ಕೇಳಿ. ಒಂದೇ ತುಂಡಾಗಿ ಬಂತಾ? ಪಕ್ಕದ ಅಂಚು, ಕೆಳಗಿನ ಅಂಚು ಎರಡೂ ಕ್ಲೀನ್ ಇದೆಯಾ? ಎಷ್ಟು ಆಳ, ಸಡಿಲ ಪದರಕ್ಕೆ ಇಳಿದಿದ್ದರೆ ಅರ್ಧ ಮಿಲಿಮೀಟರ್ ಒಳಗಾ, ಆಚೆಯಾ? ರಕ್ತನಾಳ, ದುಗ್ಧನಾಳದೊಳಗೆ ಕ್ಯಾನ್ಸರ್ ಕಣ ಸಿಕ್ಕಿತಾ? ಪಕ್ಕದ ಅಂಚು ಮಾತ್ರ ಕೆಟ್ಟಿದ್ದರೆ ಮತ್ತೊಮ್ಮೆ ಪೈಪಿನಲ್ಲೇ ಸರಿ ಮಾಡಬಹುದು, ಕೆಲವೊಮ್ಮೆ ನೋಡುತ್ತಾ ಇರುತ್ತಾರೆ. ಕೆಳಗಿನ ಅಂಚು ಕೆಟ್ಟಿದ್ದರೆ, ನಾಳದೊಳಗೆ ಕಣ ಸಿಕ್ಕಿದ್ದರೆ ಆಪರೇಷನ್ ಹೇಳುತ್ತಾರೆ. ಆಗ "ಮೊದಲೇ ಕೊಯ್ದಿದ್ದರೆ ಆಗ್ತಿತ್ತಲ್ಲ, ಸುಮ್ನೆ ದುಡ್ಡು ಹೋಯ್ತು" ಅಂತ ಮನೆಯಲ್ಲಿ ಜಗಳ ಶುರುವಾಗುತ್ತದೆ. ಈ ಸಂದರ್ಭದಲ್ಲಿ ಆ ತುಂಡು ತಪಾಸಣೆಯ ಕೆಲಸ ಮಾಡಿದೆ, ನಿಮ್ಮ ಕ್ಯಾನ್ಸರ್ ಎಷ್ಟು ಆಳ ಅಂತ ಖಚಿತವಾಗಿ ಹೇಳಿದೆ. ಆಪರೇಷನ್ ತಳ್ಳಿ ಹಾಕಬೇಡಿ.

ಎಲ್ಲ ಚೆನ್ನಾಗಿ ಬಂದವರಿಗೂ 3ರಿಂದ 6 ತಿಂಗಳು ಕಳೆದ ಮೇಲೆ ಒಂದು ಸಲ ಕ್ಯಾಮೆರಾ, ಆಮೇಲೆ ವರ್ಷಕ್ಕೊಮ್ಮೆ. ಗಡ್ಡೆ ಹೋಗಿದೆ, ಆದರೆ ಅದು ಹುಟ್ಟಿದ ಜಠರ ಅದೇ ತಾನೆ, ಇನ್ನೊಂದು ಮೂಲೆಯಲ್ಲಿ ಹೊಸದು ಏಳಬಹುದು. ವರ್ಷದ ಕ್ಯಾಮೆರಾವನ್ನು ಬಳ್ಳಾರಿ, ರಾಯಚೂರಿನಲ್ಲೇ ಮಾಡಿಸಬಹುದು, ಹಳೆಯ ಫೋಟೋ ಜೊತೆಗಿರಲಿ, ಸುಲಿದ ಕಲೆ ಎಲ್ಲಿದೆ ಅಂತ ಗೊತ್ತಾಗಬೇಕು.

ಹೆಚ್. ಪೈಲೋರಿ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಈ ಬ್ಯಾಕ್ಟೀರಿಯಾ ಜಠರದ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಹೇಳಿದೆ. ಇದ್ದರೆ ಸಾಮಾನ್ಯವಾಗಿ 14 ದಿನದ ಆಂಟಿಬಯಾಟಿಕ್ ಕೋರ್ಸ್ ಕೊಡುತ್ತಾರೆ. ಬಾಯಿ ಕಹಿಯಾಗುತ್ತದೆ, ಹೊಟ್ಟೆ ತೊಳಸುತ್ತದೆ, ಆದರೂ ಮಧ್ಯದಲ್ಲಿ ಬಿಡಬೇಡಿ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ, ಆ ಪರೀಕ್ಷೆಗೆ ಎರಡು ವಾರ ಮುಂಚೆ ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಇರುವ ಬ್ಯಾಕ್ಟೀರಿಯಾ ಕೂಡ ಇಲ್ಲ ಅಂತ ಬರುತ್ತದೆ. ಆದರೆ ಒಳಗಿನ ಗಾಯ ಮಾಯುವ ಮೊದಲು ಮಾತ್ರೆ ನಿಲ್ಲಿಸುವ ಹಾಗಿಲ್ಲ, ಆದ್ದರಿಂದ ತಾರೀಖನ್ನು ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ. ಅದೇ ದಿನ ಪೇಷಂಟಿನ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ದೊಡ್ಡವರಾಗಿದ್ದರೆ ಅವರು, ಎಲ್ಲರಿಗೂ ಈ ಪರೀಕ್ಷೆ ಬೇಕಾ ಅಂತ ಕೇಳಿ ಬನ್ನಿ.